ನೀರಿನ ಕೆಳಗೆ ಹೊಲ ಇರುವ ಕೊರಿಯನ್ ಅಕ್ಷರ: ಅರ್ಥ, ಮೂಲ ಗೊತ್ತಿರುವವರು ಹೇಳಿ

ಸುವೊನ್‌ವಾಸಿ

ಎಲ್ಲರಿಗೂ ನಮಸ್ಕಾರ. ನನ್ನ ಊರು ತೀರ್ಥಹಳ್ಳಿ ಕಡೆ. ಕೆಲಸದ ಮೇಲೆ ಮೂರು ವರ್ಷದಿಂದ ಕೊರಿಯಾದ ಸುವೊನ್‌ನಲ್ಲಿದ್ದೇನೆ. ಹಂಗುಲ್ (ಕೊರಿಯಾದ ಲಿಪಿ) ಓದುತ್ತೇನೆ, ಮಾತು ತಕ್ಕಮಟ್ಟಿಗೆ ಬರುತ್ತದೆ. ಚೀನೀ ಅಕ್ಷರ ಮಾತ್ರ (ಇಲ್ಲಿನವರು ಹಂಜಾ ಅಂತಾರೆ) ನೀರು, ಬೆಟ್ಟ, ಹೊಲ, ಮನುಷ್ಯ ಇಷ್ಟಕ್ಕೇ ನಿಂತಿದೆ.

ಚುಸೊಕ್ ಹಬ್ಬಕ್ಕೆ ಗೆಳತಿಯೊಬ್ಬಳು ಅವಳ ಅಜ್ಜಿ ಮನೆಗೆ ಕರೆದುಕೊಂಡು ಹೋಗಿದ್ದಳು. ಗಿಮ್ಜೆ ಅಂತ ಊರು, ಪಶ್ಚಿಮದ ಬಯಲು ಸೀಮೆ. ಎತ್ತ ನೋಡಿದರೂ ಭತ್ತ. ನಮ್ಮ ಕಡೆ ಎರಡು ಗುಡ್ಡದ ನಡುವೆ ಸಿಕ್ಕಿಕೊಂಡ ಗದ್ದೆ ನೋಡಿ ಬೆಳೆದವಳಿಗೆ ಗುಡ್ಡವೇ ಇಲ್ಲದ ಗದ್ದೆ ನೋಡಿ ಒಂಥರಾ ಆಯಿತು.

ಅಜ್ಜಿ ಹಳೇ ಪೆಟ್ಟಿಗೆಯಿಂದ ಜಮೀನಿನ ಕಾಗದ ತೆಗೆದು ತೋರಿಸಿದರು. ಪೂರ್ತಿ ಹಂಜಾ. ಅದರಲ್ಲಿ ಒಂದು ಅಕ್ಷರ ಮತ್ತೆ ಮತ್ತೆ ಬರುತ್ತಿತ್ತು. ಮೇಲೆ ನೀರು, ಕೆಳಗೆ ಹೊಲ. ಎರಡೂ ನನಗೆ ಗೊತ್ತಿದ್ದವೇ, ಆದರೆ ಒಂದರ ಮೇಲೊಂದು ಕೂತಿದ್ದು ಯಾವತ್ತೂ ನೋಡಿರಲಿಲ್ಲ. ಇದೇನು ಅಂದೆ. ಅಜ್ಜಿ ಕಿಟಕಿ ಕಡೆ ಕೈ ತೋರಿಸಿ "ನೊನ್" ಅಂದರು. ಆಮೇಲೆ ಕಾಗದವನ್ನು ಗಟ್ಟಿಯಾಗಿ ಓದುವಾಗ ಅದೇ ಅಕ್ಷರಕ್ಕೆ "ದಾಪ್" ಅಂದರು!

ಸೋಮವಾರ ಆಫೀಸಿನಲ್ಲಿ ಚೀನಾದ ಸಹೋದ್ಯೋಗಿಗೆ ಬರೆದು ತೋರಿಸಿದೆ. ಅವನು ತಲೆ ಕೆರೆದುಕೊಂಡ. "ಇದು ನಮ್ಮ ಅಕ್ಷರ ಅಲ್ಲ, ನೀನು ತಪ್ಪು ಬರೆದಿದ್ದೀಯ" ಅಂದ. ಚೀನಾದವನಿಗೇ ಓದಲು ಬಾರದ ಚೀನೀ ಅಕ್ಷರ ಇರುತ್ತದಾ?

(ಅಕ್ಷರವನ್ನೇ ಇಲ್ಲಿ ಅಂಟಿಸಲು ನೋಡಿದೆ. ಬರೀ ಡಬ್ಬಿ ಬರುತ್ತಿದೆ.)

ಡಬ್ಬಿಗಡಪ

ಆ ಡಬ್ಬಿಯೊಳಗೆ ಒಂದು ಕೂಡಿಸುವ ಚಿಹ್ನೆ ಹಾಕಿ, ಅದೇ ಹೊಲ. ಅರ್ಧ ಅಕ್ಷರ ವೇದಿಕೆಯೇ ಬರೆದುಕೊಟ್ಟಿದೆ.

ಅಕ್ಷರಹುಳ

ನಿಮ್ಮ ಸಹೋದ್ಯೋಗಿ ಹೇಳಿದ್ದರಲ್ಲಿ ಅರ್ಧ ಸರಿ. ಅದು ಅವರ ಅಕ್ಷರ ಅಲ್ಲ. ನೀವು ತಪ್ಪು ಬರೆದಿಲ್ಲ ಕೂಡ.

ಅದು ಕೊರಿಯಾದವರೇ ಕಟ್ಟಿಕೊಂಡ ಹಂಜಾ. ಇಂಥವಕ್ಕೆ ಕೊರಿಯನ್ನಿನಲ್ಲಿ "ಗುಕ್ಚಾ" ಅಂತಾರೆ, ನಾಡಿನ ಅಕ್ಷರ ಅಂತ. ಬಿಡಿಭಾಗ ಚೀನಾದ್ದು, ಜೋಡಣೆ ಕೊರಿಯಾದ್ದು. ಅರ್ಥ ನೀವು ಕಿಟಕಿಯಲ್ಲಿ ನೋಡಿದ್ದೇ: ನೀರು ನಿಲ್ಲಿಸಿ ಭತ್ತ ಬೆಳೆಯುವ ಗದ್ದೆ.

ಎರಡು ಹೆಸರು ಯಾಕೆ ಅಂದರೆ, ಪ್ರತಿ ಹಂಜಾಕ್ಕೂ ಕೊರಿಯಾದಲ್ಲಿ ಜೋಡಿ ಹೆಸರು. ಮೊದಲು ಅಚ್ಚ ಕೊರಿಯನ್ ಅರ್ಥ, ಆಮೇಲೆ ಅಕ್ಷರದ ಉಚ್ಚಾರ. ಮಕ್ಕಳು ಹಾಗೇ ಬಾಯಿಪಾಠ ಮಾಡುತ್ತಾರೆ. ನೀರಿನ ಅಕ್ಷರ "ಮುಲ್ ಸು". ಮುಲ್ ಅಂದರೆ ನೀರು, ಸು ಅನ್ನುವುದು ಉಚ್ಚಾರ. ನಿಮ್ಮದು "ನೊನ್ ದಾಪ್". ಅಜ್ಜಿ ಹೊರಗಿನ ಗದ್ದೆ ತೋರಿಸುವಾಗ ನೊನ್ ಅಂದರು, ಕಾಗದ ಓದುವಾಗ ದಾಪ್ ಅಂದರು. ಎರಡೂ ಸರಿ.

ಅದರ ಕೆಳಗಿನ ಅರ್ಧ, ಅಂದರೆ ಬರೀ ಹೊಲ, "ಪಾತ್ ಜೊನ್". ಇದು ಮುಖ್ಯ. ಕೊರಿಯಾದಲ್ಲಿ ಆ ಡಬ್ಬಿ ಅಕ್ಷರ ಒಂದೇ ಬಂದರೆ ಅದು ಒಣ ಹೊಲ. ಸೋಯಾ, ಮೂಲಂಗಿ, ಮೆಣಸಿನಕಾಯಿ ಬೆಳೆಯುವಂಥದ್ದು. ತಲೆ ಮೇಲೆ ನೀರು ಇಟ್ಟರೆ ಗದ್ದೆ.

ನೋಡಬೇಕು ಅನ್ನುವವರು ಯೂನಿಕೋಡ್ ಪಟ್ಟಿಯಲ್ಲಿ 7553 ಅಂತ ಹುಡುಕಿ. ಹುಡುಕಿದ ಮೇಲೆ ಎರಡು ಮನೆ ಹಿಂದೆ, 7551ನ್ನೂ ನೋಡಿ ಬನ್ನಿ. ಅದರ ಕಥೆ ಇನ್ನೂ ಚೆನ್ನಾಗಿದೆ.

ಹಳೇಪಹಣಿ

ನಾನು ಕಂದಾಯ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಕೊರಿಯಾ ಭಾಷೆ ಒಂದಕ್ಷರ ಬರದು. ಆದರೆ ಈ ಅಕ್ಷರ ಯಾಕೆ ಹುಟ್ಟಿತು ಅಂತ ಊಹಿಸಬಲ್ಲೆ. ಕಂದಾಯಕ್ಕೆ!

ನಮ್ಮಲ್ಲೂ ಜಮೀನು ಅಂದರೆ ಬರೀ ಜಮೀನು ಅಲ್ಲ. ತರಿ, ಖುಷ್ಕಿ, ಬಾಗಾಯ್ತು ಅಂತ ಮೂರು. ನೀರು ಕಂಡ ಗದ್ದೆ ತರಿ, ಮಳೆ ನಂಬಿದ ಹೊಲ ಖುಷ್ಕಿ, ತೋಟ ಬಾಗಾಯ್ತು. ತರಿಗೆ ಹಾಕುವ ಕಂದಾಯ ಖುಷ್ಕಿಗೆ ಹಾಕಿದರೆ ರೈತ ಜಗಳಕ್ಕೆ ಬರುತ್ತಾನೆ. ಖುಷ್ಕಿ ದರ ತರಿಗೆ ಹಾಕಿದರೆ ಮೇಲಿನವರು ಬರುತ್ತಾರೆ. ದಿನಕ್ಕೆ ನೂರು ಸಲ ಬರೆಯುವ ಮಾತನ್ನು ಯಾವ ಬರಹದವನಾದರೂ ಚಿಕ್ಕದು ಮಾಡಿಯೇ ಮಾಡುತ್ತಾನೆ. ಎರಡು ಅಕ್ಷರ ಒಂದಾದದ್ದು ಹಾಗೇ ಇರಬೇಕು. ಸರಿಯೋ ತಪ್ಪೋ ತಿಳಿದವರು ಹೇಳಿ.

ಅಕ್ಷರಹುಳ

ಸರ್, ನಿಮ್ಮ ಊಹೆಗೆ ಒಂದು ಕಾಗದದ ಸಾಕ್ಷಿಯೇ ಇದೆ. ಅದು ಸಿಕ್ಕಿದ ಕಥೆ ಮಾತ್ರ ವಿಚಿತ್ರ.

ಜಪಾನಿನ ನಾರಾದಲ್ಲಿ ತೋದೈಜಿ ದೇವಾಲಯದ ಹಳೆಯ ಭಂಡಾರ ಇದೆ, ಶೋಸೊಯಿನ್ ಅಂತ. 1933ರಲ್ಲಿ ಅಲ್ಲಿನ ಒಂದು ಬೌದ್ಧ ಗ್ರಂಥದ ಹೊದಿಕೆ ರಿಪೇರಿ ಮಾಡುವಾಗ, ಒಳಗೆ ಬಿಗಿಗೆ ಅಂಟಿಸಿದ್ದ ರದ್ದಿ ಕಾಗದ ಕಂಡಿತು. ಅದು ಕೊರಿಯಾದ ಸಿಲ್ಲಾ ರಾಜ್ಯದ ಗ್ರಾಮ ಲೆಕ್ಕ! ಈಗಿನ ಚೊಂಗ್ಜು ಸುತ್ತಿನ 4 ಹಳ್ಳಿಗಳದ್ದು. ಮನೆ ಎಷ್ಟು, ವಯಸ್ಸಿನ ಪ್ರಕಾರ ಗಂಡಸರು ಹೆಂಗಸರು ಎಷ್ಟು, ಕುದುರೆ, ದನ, ಹಿಪ್ಪುನೇರಳೆ ಮರ ಎಷ್ಟು, ಎಲ್ಲವೂ ಇದೆ. ಬರೆದ ವರ್ಷ ಯಾವುದು ಅಂತ ವಿದ್ವಾಂಸರು ಇವತ್ತಿಗೂ ಜಗಳ ಆಡುತ್ತಾರೆ. 7ನೇ ಶತಮಾನದ ಕೊನೆಯಿಂದ 9ನೇ ಶತಮಾನದವರೆಗೆ ಎಳೆದಾಡಿದ್ದಾರೆ.

ಅದರಲ್ಲಿ ಗದ್ದೆ ಬಂದ ಕಡೆಯೆಲ್ಲ ನಮ್ಮ ಈ ಅಕ್ಷರವೇ. ಒಂದು ಹಳ್ಳಿಗೆ "ಒಟ್ಟು ದಾಪ್ 102 ಗ್ಯೊಲ್, 2 ಬು, 4 ಸೊಕ್" ಅಂತ ಲೆಕ್ಕ. ಅದಾದ ಮೇಲೆ ಬರೀ ಹೊಲ, ಆಮೇಲೆ ಸೆಣಬಿನ ಹೊಲ, ಬೇರೆ ಬೇರೆ. ಥೇಟ್ ನಿಮ್ಮ ತರಿ, ಖುಷ್ಕಿ.

ಅಳತೆಯನ್ನೂ ಗಮನಿಸಿ. ಸೊಕ್ ಅಂದರೆ ಒಂದು ಸಿವುಡು ಪೈರು. ಬು ಅಂದರೆ ಒಂದು ಹೊರೆ. 10 ಸಿವುಡಿಗೆ 1 ಹೊರೆ, 100 ಹೊರೆಗೆ 1 ಗ್ಯೊಲ್. ನೆಲ ಎಷ್ಟು ಉದ್ದ ಅಗಲ ಅಂತಲ್ಲ, ಎಷ್ಟು ಪೈರು ಕೊಯ್ಯಬಹುದು ಅಂತ ಲೆಕ್ಕ.

ಹಳೇಪಹಣಿ

ಶಾನುಭೋಗರು ಎಲ್ಲಾ ದೇಶದಲ್ಲೂ ಒಂದೇ ಜಾತಿ. ತುಂಬಾ ಖುಷಿಯಾಯಿತು.

ನಮ್ಮಲ್ಲಿ ಕೊಯ್ಲಿನ ಬದಲು ಬಿತ್ತನೆಯಿಂದ ಅಳೆಯುತ್ತಿದ್ದರು. ಖಂಡುಗದ ಗದ್ದೆ ಅಂದರೆ ಒಂದು ಖಂಡುಗ ಬೀಜ ಹಿಡಿಯುವ ಗದ್ದೆ. 20 ಕೊಳಗಕ್ಕೆ ಒಂದು ಖಂಡುಗ. ನಮ್ಮ ತಂದೆ ಎಕರೆ, ಗುಂಟೆ ಲೆಕ್ಕ ಚೆನ್ನಾಗಿ ಬಲ್ಲವರಾದರೂ ಗದ್ದೆ ಮಾತು ಬಂದರೆ "ಹತ್ತು ಕೊಳಗದ್ದು" ಅಂತಲೇ ಹೇಳುತ್ತಿದ್ದರು.

ಸುವೊನ್‌ವಾಸಿ

ಹಾಗಾದರೆ ಅಜ್ಜಿ ಅವತ್ತು "ಏಳು ಮಾಜಿಗಿ" ಅಂದದ್ದು ಅದೇನಾ? ನಾನು ಸರ್ವೆ ನಂಬರು ಅಂದುಕೊಂಡು ಸುಮ್ನೆ ತಲೆ ಆಡಿಸಿದ್ದೆ.

ಅಕ್ಷರಹುಳ

ಅದೇ! ಮಾಜಿಗಿ ಅಂದರೆ ಒಂದು "ಮಾಲ್" ಬೀಜ ಬಿತ್ತುವಷ್ಟು ಜಾಗ. ಮಾಲ್ ಅನ್ನುವುದು ಧಾನ್ಯ ಅಳೆಯುವ ಚೌಕ ಮರದ ಕೊಳಗ. ಊರಿಂದೂರಿಗೆ ಇದು ಬದಲಾಗುತ್ತದೆ. ಗದ್ದೆಗೆ 200 ಪ್ಯೊಂಗ್ ಅಂತ ಹಿಡಿಯುವ ಕಡೆ ಜಾಸ್ತಿ. ನಮ್ಮ ಲೆಕ್ಕಕ್ಕೆ ಆರೂವರೆ ಗುಂಟೆ ಆಗುತ್ತದೆ. ಏಳು ಮಾಜಿಗಿ ಅಂದರೆ ಎಕರೆಗಿಂತ ಸ್ವಲ್ಪ ಮೇಲೆ.

ಕ್ಯೋತೊಕೋಸಂಬರಿ

7551 ನೋಡಿ ಬಂದೆ, ನಗು ಬಂತು. ಅದು ನನಗೆ ದಿನಾ ಕಾಣುವ ಅಕ್ಷರ. ನಾನು ಜಪಾನಿನಲ್ಲಿ ಇರೋದು.

ಇಲ್ಲಿ ಪೂರ್ತಿ ತಿರುವುಮುರುವು. ಆ ಡಬ್ಬಿ ಹೊಲದ ಅಕ್ಷರ ಒಂದೇ ಬಂದರೆ ಜಪಾನಿನಲ್ಲಿ ಅದು "ತಾ", ಅಂದರೆ ನೀರಿನ ಗದ್ದೆ. ತನಾಕಾ ಅನ್ನುವ ಮನೆತನದ ಹೆಸರಿಗೆ ಗದ್ದೆ ನಡುವೆ ಅಂತ ಅರ್ಥ. ಯಮದಾ ಅಂದರೆ ಬೆಟ್ಟದ ಗದ್ದೆ. ಹೋಂಡಾದ "ದಾ" ಕೂಡ ಅದೇ. ಬಿಡದಿಯಲ್ಲಿ ಕಾರು ಮಾಡುವವರ ಮೂಲ ಮನೆತನ ತೊಯೊದಾ, ಅದರಲ್ಲೂ ಗದ್ದೆ ಇದೆ.

ಗದ್ದೆಗೆ ಅಕ್ಷರ ಆಯಿತು, ಒಣ ಹೊಲಕ್ಕೆ? ಜಪಾನಿನವರು ಅದಕ್ಕೆ ಹೊಸದು ಕಟ್ಟಿದರು. ಹೊಲದ ಪಕ್ಕಕ್ಕೆ ಬೆಂಕಿ ಇಟ್ಟರು! ಅದೇ 7551, "ಹತಾಕೆ". ಕಾಡು ಕಡಿದು ಸುಟ್ಟು ಬಿತ್ತುವ ಹೊಲದ ನೆನಪು ಅದು. ಹೊಲದ ಮೇಲೆ "ಬಿಳಿ" ಅನ್ನುವ ಅಕ್ಷರ ಕೂರಿಸಿದ ಇನ್ನೊಂದು ಹತಾಕೆಯೂ ಇದೆ. ನೀರಿಲ್ಲದೆ ಒಣಗಿ ಬೆಳ್ಳಗಾದ ನೆಲ ಅಂತ.

ಅಂದರೆ ಒಂದೇ ಡಬ್ಬಿ ಇಬ್ಬರಿಗೂ ಸಿಕ್ಕಿತು. ಒಬ್ಬರು ಹೊಲ ಅಂತ ಇಟ್ಟುಕೊಂಡು ಗದ್ದೆಗೆ ಹೊಸದು ಮಾಡಿದರು. ಇನ್ನೊಬ್ಬರು ಗದ್ದೆ ಅಂತ ಇಟ್ಟುಕೊಂಡು ಹೊಲಕ್ಕೆ ಹೊಸದು ಮಾಡಿದರು.

ಬೈಲುಮನೆ

ಅಯ್ಯೋ, ಬೆಂಕಿ ಇಟ್ಟ ಹೊಲ ಅಂದರೆ ನಮ್ಮ ಘಟ್ಟದ ಕುಮರಿ ಅಲ್ವಾ! ಕಾಡು ಕಡಿದು ಸುಟ್ಟು, ಬೂದಿಯಲ್ಲಿ ರಾಗಿ ಚೆಲ್ಲುವುದು. ಕೊರಿಯಾದಲ್ಲಿ ಹಾಗೆ ಮಾಡುತ್ತಿರಲಿಲ್ಲವಾ?

ಅಕ್ಷರಹುಳ

ಮಾಡುತ್ತಿದ್ದರು. ಗುಡ್ಡಗಾಡಿನ ಬಡವರು ಜಾಸ್ತಿ. ಆದರೆ ಅಲ್ಲಿ ಬೆಂಕಿ, ಹೊಲ ಎರಡನ್ನೂ ಬೇರೆ ಬೇರೆ ಬರೆದು "ಹ್ವಾಜೊನ್" ಅಂತ ಓದಿದರು. ಒಂದಾಗಿಸುವ ಗೋಜಿಗೆ ಹೋಗಲಿಲ್ಲ. ಜಪಾನಿನವರು ನೀರು, ಹೊಲವನ್ನು ಬೇರೆ ಬೇರೆ ಬರೆದು "ಸುಯ್‌ದೆನ್" ಅಂತ ಓದುತ್ತಾರೆ. ಒಬ್ಬರು ಅಂಟಿಸಿದ್ದನ್ನು ಇನ್ನೊಬ್ಬರು ಬಿಡಿಸಿ ಬರೆಯುತ್ತಾರೆ.

ಚೀನಾದಲ್ಲಿ ಈ ತಲೆನೋವು ಯಾಕೆ ಬರಲಿಲ್ಲ ಅಂತ ಯಾರಾದರೂ ಕೇಳುತ್ತಾರೆ, ಈಗಲೇ ಹೇಳಿಬಿಡುತ್ತೇನೆ. ಆ ಅಕ್ಷರ ಹುಟ್ಟಿದ್ದು ಉತ್ತರದ ಹಳದಿ ನದಿ ಸೀಮೆಯಲ್ಲಿ. ಮೂರು ಸಾವಿರ ವರ್ಷ ಹಿಂದೆ ಮೂಳೆ, ಆಮೆಚಿಪ್ಪಿನ ಮೇಲೆ ಕೆತ್ತಿದ ಬರಹದಲ್ಲೇ ಬದು ಹಾಕಿ ಪಾಲು ಮಾಡಿದ ಹೊಲದ ಚಿತ್ರ ಇದೆ. ಅಲ್ಲಿ ಬೆಳೆಯುತ್ತಿದ್ದದ್ದು ನವಣೆ, ಬರಗು. ಹೊಲ ಅಂದರೆ ಹೊಲ, ಅಷ್ಟೇ. ದಕ್ಷಿಣದ ಭತ್ತದ ನಾಡಿಗೆ ಬಂದಾಗ "ನೀರಿನ ಹೊಲ" ಅಂತ ಎರಡಕ್ಷರದಲ್ಲಿ ಬರೆದರು. ಅವರಿಗೆ ಅದು ಸಾಕಾಯಿತು.

ಕೊಂಕುಕಣ್ಣು

ಒಂದು ಅನುಮಾನ. ಹಳೇ ಕಾಲದಲ್ಲಿ ಮೇಲಿನಿಂದ ಕೆಳಕ್ಕೆ ಬರೆಯುತ್ತಿದ್ದರು. ನೀರು ಬರೆದು ಅದರ ಕೆಳಗೆ ಹೊಲ ಬರೆದರೆ ಹೇಗೂ ಒಂದರ ಮೇಲೊಂದು ಬರುತ್ತದೆ. ಯಾರೋ ಜಾಗ ಇಲ್ಲದೆ ಒತ್ತೊತ್ತಾಗಿ ಬರೆದಿರಬೇಕು, ನೀವೆಲ್ಲ ಸೇರಿ ಅದನ್ನು ಹೊಸ ಅಕ್ಷರ ಅಂತಿದ್ದೀರಿ. ಹೊಸ ಅಕ್ಷರ "ಕಟ್ಟಿದರು" ಅನ್ನೋದು ಸ್ವಲ್ಪ ದೊಡ್ಡ ಮಾತಾಯಿತು.

ಅಕ್ಷರಹುಳ

ಒಳ್ಳೇ ಪ್ರಶ್ನೆ. ಹುಟ್ಟಿದ್ದು ಹಾಗೇ ಇದ್ದರೂ ಇರಬಹುದು, ನನಗೂ ಹಾಗೇ ಅನ್ನಿಸುತ್ತದೆ. ಆದರೆ ಯಾವುದೋ ಒಂದು ಹಂತದಲ್ಲಿ ಅದು ಒಂದೇ ಅಕ್ಷರ ಆಯಿತು. ಅದಕ್ಕೆ ಕಲ್ಲೇ ಸಾಕ್ಷಿ.

ದಕ್ಷಿಣ ಕೊರಿಯಾದ ಚಾಂಗ್ನ್ಯೊಂಗ್‌ನಲ್ಲಿ ಸಿಲ್ಲಾದ ಜಿನ್‌ಹಂಗ್ ರಾಜ ನಿಲ್ಲಿಸಿದ ಶಾಸನ ಇದೆ. ಕಾಲ 561. ಗೆದ್ದ ಸೀಮೆಯ ನೆಲ, ಬೆಟ್ಟ, ಉಪ್ಪು, ಹೊಳೆ ಇವುಗಳ ಮಾತು ಬರುವ ಕಡೆ "ಬಿಳಿ", "ಹೊಲ" ಎರಡೂ ಬೇರೆ ಬೇರೆ ಅಕ್ಷರವಾಗಿ ಪೂರ್ತಿ ಜಾಗ ತೆಗೆದುಕೊಂಡಿವೆ. ಪಕ್ಕದಲ್ಲೇ ನೀರು, ಹೊಲ ಸೇರಿ ಒಂದೇ ಅಕ್ಷರದ ಜಾಗದಲ್ಲಿ ಕೂತಿವೆ. ಕಲ್ಲು ಕೆತ್ತುವವನು ಜಾಗ ಉಳಿಸಲು ಒತ್ತಿದ್ದರೆ ಎರಡನ್ನೂ ಒತ್ತುತ್ತಿದ್ದ, ಅಲ್ವಾ? ನಮಗೆ ಗೊತ್ತಿರುವ ಹಾಗೆ ಈ ಅಕ್ಷರದ ಅತಿ ಹಳೆಯ ರೂಪ ಅದೇ.

ಈಗ ಮಜಾ ಕೇಳಿ. ನಾಜು ಹತ್ತಿರ ಬೊಗಮ್‌ರಿ ಅನ್ನುವಲ್ಲಿ 2008ರಲ್ಲಿ ಮರದ ಪಟ್ಟಿಗಳು ಸಿಕ್ಕಿದವು. ಬೆಕ್ಜೆ ರಾಜ್ಯದ ಕಾಲದ್ದು, 7ನೇ ಶತಮಾನದ ಶುರು. ಅದರಲ್ಲಿ ನೀರು, ಹೊಲ ಎರಡೂ ಬಿಡಿ ಬಿಡಿ. ಬಿಳಿ, ಹೊಲ ಸೇರಿ ಒಂದು! ಕ್ಯೋತೊಕೋಸಂಬರಿ ಹೇಳಿದರಲ್ಲ ಬಿಳಿ ಕೂರಿಸಿದ ಹತಾಕೆ, ಅದು ಜಪಾನಿನವರೇ ಮಾಡಿದ್ದು ಅಂತ ಅಲ್ಲಿಯತನಕ ಎಲ್ಲರೂ ನಂಬಿದ್ದರು. ಬೆಕ್ಜೆಯಿಂದ ಜಪಾನಿಗೆ ಓದು ಬರಹ ಬಲ್ಲವರು ಹೋಗಿ ಬಂದು ಮಾಡುತ್ತಿದ್ದರು. ಅಕ್ಷರವೂ ಅವರ ಜೊತೆ ಹೋಗಿರಬಹುದು.

ಕ್ಯೋತೊಕೋಸಂಬರಿ

ಅಯ್ಯೋ, ನಮ್ಮ ಹತಾಕೆಗೂ ಕೊರಿಯಾದವರು ಪಾಲು ಕೇಳಲು ಬಂದರು! ಇಲ್ಲಿ ನನ್ನ ಅಕ್ಕಪಕ್ಕದವರಿಗೆ ಹೇಳುವುದಿಲ್ಲ ಬಿಡಿ. ಬೆಂಕಿ ಇರುವುದಾದರೂ ನಮಗೆ ಉಳಿಯಿತಲ್ಲ.

ಕೊಂಕುಕಣ್ಣು

ಸರಿ, ಕಲ್ಲಿನ ಮಾತು ಒಪ್ಪಿದೆ. ಹಾಗಾದರೆ "ದಾಪ್" ಅನ್ನುವ ಸದ್ದು ಎಲ್ಲಿಂದ? ನೀರಿನದು ಸು, ಹೊಲದ್ದು ಜೊನ್. ಎರಡು ಸೇರಿದರೆ ದಾಪ್ ಹೇಗಾಗುತ್ತದೆ?

ಅಕ್ಷರಹುಳ

ಮುಖ ನೋಡಿ ಹೆಸರು ಇಟ್ಟಿದ್ದು ಅನ್ನುವ ವಿವರಣೆ ಇದೆ. ಚೀನಾದ್ದೇ ಒಂದು ಹಳೇ ಅಕ್ಷರ ಇದೆ, ನೀರಿನ ಕೆಳಗೆ ಇನ್ನೊಂದು ಡಬ್ಬಿ. ಆ ಡಬ್ಬಿಯಲ್ಲಿ ಕೂಡಿಸುವ ಚಿಹ್ನೆ ಇಲ್ಲ, ಬರೀ ಅಡ್ಡಗೆರೆ. ದೂರದಿಂದ ನೋಡಿದರೆ ಅಣ್ಣ ತಮ್ಮ. ಅದರ ಕೊರಿಯನ್ ಉಚ್ಚಾರ ದಾಪ್. ಹೊಸದಾಗಿ ಹುಟ್ಟಿದ್ದಕ್ಕೂ ಅದೇ ಹೆಸರು ಬಂತು.

ಸುವೊನ್‌ವಾಸಿ

ಹಾಗಾದರೆ ಸೋಲ್‌ನ ದಾಪ್‌ಸಿಮ್ನಿ? 5ನೇ ಮೆಟ್ರೋ ಲೈನಿನ ನಿಲ್ದಾಣ. ಸಿಮ್ನಿ ಅಂದರೆ ಹತ್ತು ಲಿ ಅಂತ ಗೊತ್ತು, ಲಿ ಅನ್ನುವುದು ದೂರದ ಅಳತೆ. ಹತ್ತು ಲಿ ಉದ್ದ ಗದ್ದೆ ಇದ್ದ ಜಾಗನಾ? ಈಗ ಬರೀ ಅಪಾರ್ಟ್‌ಮೆಂಟ್.

ಅಕ್ಷರಹುಳ

ಗದ್ದೆ ಇತ್ತು, ಅದಕ್ಕೇ ಆ ಹೆಸರು ಅನ್ನುವವರೂ ಇದ್ದಾರೆ. ಆದರೆ ಬರಹದಲ್ಲಿ ಇರುವ ಅಕ್ಷರ ಬೇರೆ, "ಕಾಲಿಟ್ಟು ತುಳಿ" ಅನ್ನುವ ದಾಪ್. ಅದಕ್ಕೂ ಒಂದು ಕಥೆ ಇದೆ. ಜೊಸೊನ್ ರಾಜ್ಯ ಶುರುವಾದಾಗ ಮುಹಾಕ್ ಅನ್ನುವ ಬೌದ್ಧ ಗುರು ರಾಜಧಾನಿಗೆ ಜಾಗ ಹುಡುಕುತ್ತಾ ಇಲ್ಲಿ ಕಾಲಿಟ್ಟರಂತೆ. ಊರ ಹೆಸರಿನ ಕಥೆ ನಿಮಗೆ ಗೊತ್ತೇ ಇದೆಯಲ್ಲ. ಬೆಂದಕಾಳೂರು ನೆನಪು ಮಾಡಿಕೊಳ್ಳಿ, ಅಜ್ಜಿ ಅವರೆಕಾಳು ಬೇಯಿಸಿದ್ದೇ ಹೆಸರಾಯಿತು ಅಂತ ನಾವು ಹೇಳಿಕೊಂಡು ಬಂದಿಲ್ಲವಾ? ಸದ್ದು ಮೊದಲು ಬರುತ್ತದೆ. ಅಕ್ಷರ, ಕಥೆ ಎಲ್ಲ ಹಿಂದಿನಿಂದ ಓಡಿ ಬರುತ್ತವೆ.

ಕರಿಬಿಳಿಕಾಯಿ

ಇಂಥ ನಾಡಿನ ಅಕ್ಷರ ಇನ್ನೂ ಇವೆ, ಒಂದು ನಿಮಗೆಲ್ಲ ಗೊತ್ತು. 2016ರ ಮಾರ್ಚ್‌ನಲ್ಲಿ ಕಂಪ್ಯೂಟರ್ ಜೊತೆ ಗೋ (ಕರಿ, ಬಿಳಿ ಕಾಯಿಗಳ ಹಲಗೆ ಆಟ) ಆಡಿದ ಲೀ ಸೆದೊಲ್ ಹೆಸರಿನ ಕೊನೆಯ ಅಕ್ಷರ. ಐದರಲ್ಲಿ ನಾಲ್ಕು ಸೋತು, ನಾಲ್ಕನೇ ಆಟ ಗೆದ್ದರಲ್ಲ, ಅವರೇ.

"ದೊಲ್" ಅಂದರೆ ಅಚ್ಚ ಕೊರಿಯನ್ನಿನಲ್ಲಿ ಕಲ್ಲು. ಇದನ್ನು ಬರೆಯಲು ಮೇಲೆ ಕಲ್ಲಿನ ಚೀನೀ ಅಕ್ಷರ ಇಟ್ಟು, ಕೆಳಗೆ "ಉಲ್" ಅಂತ ಓದುವ ಇನ್ನೊಂದನ್ನು ಸಿಕ್ಕಿಸಿದ್ದಾರೆ. ಮೇಲಿನದು ಅರ್ಥಕ್ಕೆ, ಕೆಳಗಿನದು ಕೊನೆಯ ಲ್ ಸದ್ದಿಗೆ. ಚೀನಾದಲ್ಲಿ ಆ ಅಕ್ಷರ ಬಳಕೆಯಲ್ಲಿ ಇಲ್ಲ. ಅಲ್ಲಿನ ಪತ್ರಿಕೆಗಳು ಕೆಳಗಿನ ತುಂಡು ಕಿತ್ತು ಬರೀ ಕಲ್ಲು ಅಂತ ಬರೆದು "ಲಿ ಶಿಶಿ" ಅಂತ ಓದುತ್ತವೆ. ಗೋ ಕಾಯಿಗೂ ಕೊರಿಯನ್ನಿನಲ್ಲಿ ದೊಲ್ ಅಂತಲೇ ಹೆಸರು. ಇಂಥ ಹೆಸರಿಟ್ಟ ಮೇಲೆ ಬೇರೆ ಆಟ ಆಡೋಕೆ ಆಗುತ್ತಾ!

ಅಪ್ಪಅಮ್ಮಒಂದೇ

ನನಗೆ ಒಂದು ಹೊಳೆಯಿತು. ಕೊರಿಯನ್ನಿನಲ್ಲಿ ಅಪ್ಪ ಅಂದರೆ ಅಪ್ಪ, ಒಮ್ಮ ಅಂದರೆ ಅಮ್ಮ. ನಾನ್ ಅಂದರೆ ನಾನು. ಈಗ ನೊನ್ ಅಂದರೆ ಗದ್ದೆ. ನಮ್ಮ ನೆಲ, ನೆಲ್ಲು ಇದರಿಂದಲೇ ಹೋಗಿರಬೇಕು ಅಲ್ವಾ? ಎಲ್ಲ ನಮ್ಮಿಂದಲೇ ಹೋಗಿದ್ದು.

ಕೊಂಕುಕಣ್ಣು

ಇವತ್ತು ಬರಲಿಲ್ಲವಲ್ಲ ಅಂದುಕೊಳ್ಳುತ್ತಿದ್ದೆ. ಬಂದಿರಿ.

ಅಕ್ಷರಹುಳ

ತಮಾಷೆ ಮಾಡಬೇಡಿ, ಅವರೊಬ್ಬರಿಗೇ ಅನ್ನಿಸಿದ್ದಲ್ಲ. ಹೋಮರ್ ಹಲ್ಬರ್ಟ್ ಅಂತ ಸೋಲ್‌ನಲ್ಲಿದ್ದ ಅಮೆರಿಕದವರು 1905ರಲ್ಲೇ ಕೊರಿಯನ್, ದ್ರಾವಿಡ ಭಾಷೆಗಳ ವ್ಯಾಕರಣ ಹೋಲಿಸಿ ಪುಸ್ತಕ ಬರೆದರು. ಭಾಷಾವಿಜ್ಞಾನಿಗಳು ಆ ನಂಟನ್ನು ಒಪ್ಪಿಲ್ಲ. ಅಪ್ಪ, ಅಮ್ಮ ಅನ್ನೋದು ಮಗುವಿನ ತುಟಿ ಮೊದಲು ಕಲಿಯುವ ಸದ್ದು, ನೂರಾರು ಭಾಷೆಗಳಲ್ಲಿ ಹೀಗೇ ಸಿಗುತ್ತದೆ. ನಾಲ್ಕು ಪದ ಹೋಲುವುದು ಬೇರೆ, ನಂಟು ಬೇರೆ. ಪದದಿಂದ ಪದಕ್ಕೆ ಸದ್ದು ಒಂದೇ ನಿಯಮದಲ್ಲಿ ಬದಲಾಗಿರಬೇಕು. ನೊನ್, ನೆಲದ ನಡುವೆ ಅಂಥದ್ದು ಏನೂ ಇಲ್ಲ.

ಹೋಲಿಕೆಯೇ ಬೇಕು ಅಂದರೆ ಬೇರೆ ಕಡೆ ನೋಡಿ. ಗದ್ದೆಯಲ್ಲಿ ಇದ್ದಾಗ "ಬ್ಯೊ", ಕುಟ್ಟಿದ ಮೇಲೆ "ಸ್ಸಾಲ್", ಬೆಂದ ಮೇಲೆ "ಬಾಪ್". ಭತ್ತ, ಅಕ್ಕಿ, ಅನ್ನ. ಇಂಗ್ಲಿಷಿನವರಿಗೆ ಮೂರಕ್ಕೂ ಒಂದೇ ಮಾತು, ಪಾಪ. ಇದಕ್ಕೆ ನಂಟು ಬೇಕಿಲ್ಲ, ಮೂರು ಹೊತ್ತು ಅದನ್ನೇ ಉಂಡರೆ ಸಾಕು.

ಬೈಲುಮನೆ

ನಮ್ಮ ಕರಾವಳಿಯಲ್ಲಿ ಗದ್ದೆಗೂ ಮೂರು ಹೆಸರು. ತಗ್ಗಿನಲ್ಲಿ ನೀರು ನಿಲ್ಲುವುದು ಬೈಲು, ಸ್ವಲ್ಪ ಮೇಲಿನದು ಮಜಲು, ಮಳೆ ಬಂದರೆ ಮಾತ್ರ ಬೆಳೆಯುವ ಎತ್ತರದ್ದು ಬೆಟ್ಟು. ಕೊರಿಯಾದಲ್ಲಿ ಗದ್ದೆಯೊಳಗೆ ಇಂಥ ಮೇಲು ಕೀಳು ಉಂಟಾ?

ಅಕ್ಷರಹುಳ

ಉಂಟು. ನಿಮ್ಮ ಬೆಟ್ಟು ಗದ್ದೆಗೆ ಅಲ್ಲಿ "ಚೊನ್‌ಸುದಾಪ್" ಅಂತಾರೆ, ಆಕಾಶದ ನೀರಿನ ಗದ್ದೆ. ಮೂರಕ್ಷರ, ಕೊನೆಯದು ನಮ್ಮದೇ. ಮನೆ ಬಾಗಿಲಲ್ಲೇ ಇರುವ ಫಲವತ್ತಾದ ಗದ್ದೆಗೆ "ಮುನ್‌ಜೊನೊಕ್‌ತಾಪ್" ಅಂತ ನಾಲ್ಕು ಅಕ್ಷರದ ನುಡಿಗಟ್ಟು. ಅಪ್ಪ ಮಾಡಿಟ್ಟ ಆಸ್ತಿಯನ್ನು ಮಗ ಕಳೆದ ಅಂತ ಬೈಯುವಾಗ ಬರುತ್ತದೆ. ನಾಲ್ಕಕ್ಷರದ ನುಡಿಗಟ್ಟು ಅಂದರೆ ಎಲ್ಲ ಚೀನಾದ ಹಳೇ ಗ್ರಂಥದಿಂದ ಬಂದದ್ದು ಅಂತ ನಾವು ಅಂದುಕೊಳ್ಳುತ್ತೇವೆ. ಇದರ ಕೊನೆಯ ಅಕ್ಷರವೇ ಕೊರಿಯಾದ್ದು.

ಹಳೇಪಹಣಿ

ಈಗಿನ ಪಹಣಿಯಲ್ಲಿ ಇದು ಉಳಿದಿದೆಯೋ? ಅಥವಾ ಪೆಟ್ಟಿಗೆಯ ಕಾಗದಕ್ಕೇ ಮುಗಿಯಿತೋ?

ಅಕ್ಷರಹುಳ

ಸದ್ದು ಉಳಿದಿದೆ ಸರ್, ಅಕ್ಷರ ಹೋಗಿದೆ. 1948ರಲ್ಲಿ ಸರ್ಕಾರಿ ಕಾಗದಗಳಿಗೆ ಹಂಗುಲ್ ಅಂತ ಕಾನೂನು ಬಂತು. ಆಮೇಲೆ ನಿಧಾನಕ್ಕೆ ಹಂಜಾ ಹಿಂದೆ ಸರಿಯಿತು. ಭೂ ದಾಖಲೆಯಲ್ಲಿ ಈಗ ಜಮೀನಿಗೆ 28 ವರ್ಗ. ಪಟ್ಟಿಯಲ್ಲಿ ಮೊದಲನೆಯದು ಜೊನ್, ಎರಡನೆಯದು ದಾಪ್. ಎರಡೂ ಹಂಗುಲ್‌ನಲ್ಲಿ. ಮನೆ ಕಟ್ಟುವ ಜಾಗ "ದೆ", ಅದರ ಹಂಜಾ ಕೂಡ ಕೊರಿಯಾದಲ್ಲೇ ಹುಟ್ಟಿದ್ದು.

ದಾಪ್‌ಗೆ ಕಾನೂನಿನಲ್ಲಿ ಕೊಟ್ಟ ವಿವರಣೆ ನಿಮಗೆ ಇಷ್ಟವಾಗುತ್ತದೆ. ನೀರನ್ನು ನೇರವಾಗಿ ಬಳಸಿ ಭತ್ತ, ಕಮಲ, ಮಿನಾರಿ ಸೊಪ್ಪು, ಚಾಪೆ ಹುಲ್ಲು ಬೆಳೆಯುವ ನೆಲ ಅಂತ. ಅಂದರೆ ಕಮಲದ ದಂಟು ಬೆಳೆದರೂ ಅದು ಗದ್ದೆಯೇ.

ಶಾಲೆಯ 1,800 ಹಂಜಾಗಳ ಪಟ್ಟಿಯಲ್ಲಿ ಈ ಅಕ್ಷರ ಇದೆ, ಹೈಸ್ಕೂಲಿನ ಪಾಲಿಗೆ ಬರುತ್ತದೆ. ಕಲಿತವರಿಗೆ ನೆನಪಿದೆಯಾ ಅನ್ನೋದು ಬೇರೆ ಮಾತು.

ಹಂಗುಲ್ ಅಂದಾಗ ನೆನಪಾಯಿತು. ಸೆಜೊಂಗ್ ರಾಜ 1446ರಲ್ಲಿ ಹೊಸ ಲಿಪಿ ಹೊರಡಿಸಿದಾಗ ಪಂಡಿತರು ಅದಕ್ಕೆ ಚೀನೀ ಭಾಷೆಯಲ್ಲಿ ವಿವರಣೆ ಬರೆದರು. ಒ ಸ್ವರಕ್ಕೆ ಉದಾಹರಣೆ ಕೊಡುವಾಗ ಮೊದಲು ಬರೆದ ಪದವೇ ನೊನ್! ಆಮೇಲೆ ಗರಗಸ, ಕಳೆ ತೆಗೆಯುವ ಕೈಗುದ್ದಲಿ, ಶಾಯಿ ಕಲ್ಲು. ಆದರೆ ನೊನ್ ಅಂದರೆ ಏನು ಅಂತ ಹೇಳಲು ನಮ್ಮ ಅಕ್ಷರ ಬಳಸಲಿಲ್ಲ. ನೀರು, ಹೊಲ ಅಂತ ಚೀನಾದವರ ಹಾಗೆ ಎರಡಾಗಿ ಬರೆದರು. ಪಂಡಿತರು ಪಂಡಿತರೇ. ಹಳ್ಳಿಯ ಲೆಕ್ಕ ಬರೆಯುವವನ ಅಕ್ಷರ ಅವರ ಪುಸ್ತಕಕ್ಕೆ ಹಿಡಿಸಲಿಲ್ಲ ಅಂತ ಕಾಣುತ್ತದೆ.

ಶಾಸನಹುಚ್ಚ

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಈಗ ತಡೆಯಲಿಲ್ಲ.

ನಮ್ಮ "ಗದ್ದೆ" ಕೂಡ ಇಂಥದ್ದೇ ಒಂದು ಸಂಕಟ ಕಂಡ ಪದ. ಹಳಗನ್ನಡದಲ್ಲಿ ಅದು "ಗೞ್ದೆ". ತಮಿಳಿನ "ಕೞನಿ" ಇದರ ನಂಟು. ಆ ೞ ನೋಡಿ. ಸಂಸ್ಕೃತದಲ್ಲಿ ಅಂಥ ಸದ್ದೂ ಇಲ್ಲ, ಅಕ್ಷರವೂ ಇಲ್ಲ. ಬ್ರಾಹ್ಮಿಯಿಂದ ಬಂದ ಲಿಪಿಯನ್ನು ನಮ್ಮವರು ಹಾಗೇ ಇಟ್ಟುಕೊಂಡಿದ್ದರೆ ಗದ್ದೆ ಅಂತ ಸರಿಯಾಗಿ ಬರೆಯಲು ಆಗುತ್ತಿರಲಿಲ್ಲ. ೞ, ಱ ಅಂತ ಸೇರಿಸಿಕೊಂಡರು.

ಕೊರಿಯಾದವರಿಗೆ ಅರ್ಥಕ್ಕೆ ಅಕ್ಷರ ಸಾಲಲಿಲ್ಲ, ನಮಗೆ ಸದ್ದಿಗೆ ಸಾಲಲಿಲ್ಲ. ಇಬ್ಬರಿಗೂ ಗದ್ದೆ ಹತ್ತಿರವೇ ಕಾಲು ಹೂತಿತು.

ಆಮೇಲೆ ನಮ್ಮ ಬಾಯಲ್ಲಿ ೞ ಸವೆಯಿತು. ಗೞ್ದೆ, ಗರ್ದೆ, ಗದ್ದೆ. ಶಾಸನಗಳಲ್ಲಿ "ಗದ್ದೆ", "ಬೆದ್ದಲೆ" ಅಂತ ಜೋಡಿಯಾಗಿ ಬರುವುದು ಮಾಮೂಲು. ಬೆದ್ದಲೆ ಅಂದರೆ ಒಣ ಹೊಲ. ದಾಪ್, ಜೊನ್ ಅಂತ ಓದಿಕೊಳ್ಳಿ.

ಹಳೇಪಹಣಿ

ಬೆದ್ದಲು ಅನ್ನುವ ಮಾತನ್ನು ನಮ್ಮ ಅಜ್ಜ ಹೇಳುತ್ತಿದ್ದರು! ಎಷ್ಟೋ ವರ್ಷದ ಮೇಲೆ ಕೇಳಿದೆ.

ಒಂದು ವಿಷಯ ಹೇಳಿ ನಿಲ್ಲಿಸುತ್ತೇನೆ. ನನ್ನ ಸ್ವಂತ ಜಮೀನಿನ ಪಹಣಿಯಲ್ಲಿ ಈಗಲೂ ತರಿ ಅಂತಲೇ ಇದೆ. ಕೆರೆಗೆ ನೀರು ಬಂದು ವರ್ಷಗಳಾದವು. ಬೋರ್ ಹಾಕಿಸಿ ಅಡಿಕೆ ಇಟ್ಟಿದ್ದೇನೆ. ನಲವತ್ತು ವರ್ಷ ಊರವರ ಪಹಣಿ ತಿದ್ದಿದವನು ನನ್ನದನ್ನು ತಿದ್ದಿಸಲು ಹೋಗಿಲ್ಲ.

ಸುವೊನ್‌ವಾಸಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ.

ನಿನ್ನೆ ಗೆಳತಿ ಅಜ್ಜಿಗೆ ವಿಡಿಯೋ ಕಾಲ್ ಮಾಡಿದ್ದಳು, ನಾನೂ ಕೂತೆ. ಗೆಳತಿಗೆ ಆ ಅಕ್ಷರ ಬರೆಯಲು ಬರಲಿಲ್ಲ. ನೀರು ಪಕ್ಕಕ್ಕೆ ಹಾಕಿದಳು. ಅಜ್ಜಿ ಬೈದರು. ಏಳು ಮಾಜಿಗಿಯಲ್ಲಿ ಮೂರರಲ್ಲಿ ಈಗ ಪ್ಲಾಸ್ಟಿಕ್ ಹೊದಿಸಿ ಸ್ಟ್ರಾಬೆರಿ ಬೆಳೆಯುತ್ತಾರಂತೆ. ಕಾಗದದಲ್ಲಿ ಅದೂ ದಾಪ್. ಹಳೇಪಹಣಿ ಸರ್, ನಿಮ್ಮ ಅಡಿಕೆ ತೋಟದ ವಿಷಯ ಹೇಳಿದೆ, ಜೋರಾಗಿ ನಕ್ಕರು.

ನಿಮ್ಮ ಭಾಷೆಯಲ್ಲಿ ನೊನ್‌ಗೆ ಏನಂತಾರೆ ಅಂತ ಅಜ್ಜಿ ಕೇಳಿದರು. ನಾನು ಜಂಬದಿಂದ ಹಳೇ ರೂಪವನ್ನೇ ಹೇಳಿಕೊಡಲು ಹೋದೆ. ಅವರು "ಕಲ್‌ದೆ" ಅಂದರು. ಅಲ್ಲ ಅಲ್ಲ ಅಂತ ತಿದ್ದಲು ಬಾಯಿ ತೆರೆದೆ. ೞ ನನ್ನ ನಾಲಿಗೆಗೂ ಬರಲಿಲ್ಲ. "ಗದ್ದೆ" ಅಂದೆ. ಅದು ಸುಲಭ ಅಂದರು.